ಮಾತೆ ಎಲ್ಲಿ ನಿಲ್ಲಬೇಕು

ರೊಕ್ಕಾಸ್ಪಿನಾ
9 ಮೇ 1958

ತಂಗಿ ಓರ್ತೆನ್ಸಿಯಾ,

ನಾನು ಎರ್ಸಿಲಿಯಾ ಕಾರಿದಿ. ರೊಕ್ಕಾಸ್ಪಿನಾ ದೇವಾಲಯದ ಮರದ ದೇವಮಾತೆಗೆ ಉಡುಪು ತೊಡಿಸುವ ಮನೆಯ ಹಿರಿಯಳು. ಮೂವತ್ತೊಂದು ವರ್ಷದಿಂದ ಮಾತೆಯ ಉಡುಪಿನ ಪೆಟ್ಟಿಗೆಯ ಕೀಲಿಕೈ ನನ್ನ ಸೊಂಟದಲ್ಲಿದೆ. ನನಗಿಂತ ಮೊದಲು ಅದು ಅಮ್ಮನ ಸೊಂಟದಲ್ಲಿತ್ತು, ಅವಳಿಗಿಂತ ಮೊದಲು ಅಜ್ಜಿಯ ಸೊಂಟದಲ್ಲಿ. ಊರಿನ ಏಳು ವರ್ಷದ ಮಗುವಿಗೂ ಗೊತ್ತಿರುವ ಈ ಮಾತನ್ನು ಒಡಹುಟ್ಟಿದವಳಿಗೆ ಬರೆದು ತಿಳಿಸಬೇಕಾಗಿ ಬಂದದ್ದು ನಿನ್ನಿಂದಲೇ. ಈಸ್ಟರ್‌ಗೆ ಬಂದ ನಿನ್ನ ಪತ್ರದಲ್ಲಿ ನನ್ನನ್ನು ‘ಪಾಪ, ಒಂಟಿ ವಿಧವೆ’ ಎಂದಿದ್ದೀಯ. ನಾನು ಪಾಪವೂ ಅಲ್ಲ, ಒಂಟಿಯೂ ಅಲ್ಲ. ನಿನ್ನ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಯಾರಿಗಾದರೂ ಮರುಗುವುದಿದ್ದರೆ ಕ್ಷಯದವರಿಗೆ ಮರುಗು.

ಸೆಪ್ಟೆಂಬರ್ ಎರಡನೆಯ ಭಾನುವಾರ ಮಾತೆಯ ಹಬ್ಬದ ಮೆರವಣಿಗೆಯಲ್ಲಿ ನಾನು ಎಲ್ಲಿ ನಡೆಯುತ್ತೇನೆ ಎಂಬುದನ್ನಾದರೂ ಮರೆತಿಲ್ಲ ತಾನೆ? ಗುಂಡುಸೂಜಿ ಪೆಟ್ಟಿಗೆ ಹಿಡಿದು ಮಾತೆಗಿಂತ ಮೂರು ಹೆಜ್ಜೆ ಮುಂದೆ. ಉಡುಪು ಜಾರಿತು, ಸೂಜಿ ಸಡಿಲಾಯಿತು ಎಂದು ನಾನು ನಿಂತರೆ ಅಡ್ಡೆ ಹೊತ್ತ ಹನ್ನೆರಡು ಗಂಡಸರು ನಿಲ್ಲಬೇಕು, ಮಾತೆಯನ್ನು ಇಳಿಸಬೇಕು. ನಾನು ನಡೆದರೆ ನಡೆಯಬೇಕು. ಯಾರ ಬಾಗಿಲಲ್ಲಿ ಮಾತೆ ಇಳಿಯುತ್ತಾಳೋ ಆ ಮನೆಗೆ ವರ್ಷವಿಡೀ ತಲೆ ಎತ್ತಿ ನಡೆಯುವ ಹಕ್ಕು. ಆ ಹಕ್ಕು ಕೊಡುವ ಅಧಿಕಾರ ನಮ್ಮ ಫಾದರ್ ಎಲಿಯಾ ಅವರಿಗೂ ಇಲ್ಲ.

ಈಗ ಸುದ್ದಿ. ಸ್ಪಾನೊಲ್ಲಾ ಮನೆಯ ದೊನ್ ಚಿರಿಯಾಕೊ ಊರಿನ ತಿರುವಿನಲ್ಲಿ ಮೂರು ಮಹಡಿಯ ಮನೆ ಕಟ್ಟಿಸಿದ್ದಾನೆ. ಈಸ್ಟರ್ ದಿನ ಬುಟ್ಟಿ ತುಂಬ ರಿಕೊತ್ತಾ ಗಿಣ್ಣು ಕಳಿಸಿದ, ಇನ್ನೂ ಬಿಸಿ ಆರಿರಲಿಲ್ಲ. ಬೀದಿಯಲ್ಲಿ ನನ್ನನ್ನು ಕಂಡರೆ ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಾನು ದಾಟಿದ ಮೇಲೆ ಹಾಕಿಕೊಳ್ಳುತ್ತಾನೆ. ಅದನ್ನು ನೋಡಿ ಉಳಿದವರೂ ಕಲಿತಿದ್ದಾರೆ. ಕಾರಂಜಿಯ ಬಳಿ ನಾನು ಕೊಡ ಇಟ್ಟರೆ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ನಮ್ಮ ಅಪ್ಪನ ಕಾಲದಲ್ಲಿ ಈ ಮನೆಗೆ ಇದ್ದ ಮರ್ಯಾದೆ ತಿರುಗಿ ಬಂದಿದೆ. ಅಪ್ಪ ದೊಡ್ಡವನಾಗಿದ್ದೂ ಪೂಜೆಯಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ. ಅಷ್ಟು ವಿನಯ ನನಗೆ ಸಾಧ್ಯವಿಲ್ಲ, ನಾನು ಮುಂದೆಯೇ ಕೂರುತ್ತೇನೆ.

ಮಾತೆಯ ನಿಲುವಂಗಿಯ ಮೊಣಕೈ ಸವೆದಿದೆ. ಹೊಸದನ್ನು ನೇಪಲ್ಸಿನಲ್ಲಿ ಹೊಲಿಸಿಕೊಡುವ ಮಾತು ದೊನ್ ಚಿರಿಯಾಕೊ ಆಡಿದ್ದಾನೆ. ನೋಡೋಣ.

ನಿನ್ನ ಅಕ್ಕ,
ಎರ್ಸಿಲಿಯಾ

*

ತ್ರಿಯೆಸ್ತೆ
21 ಮೇ 1958

ಪ್ರೀತಿಯ ಅಕ್ಕಾ,

‘ಪಾಪ’ವನ್ನು ಹಿಂತೆಗೆದುಕೊಂಡಿದ್ದೇನೆ. ‘ಒಂಟಿ’ಯನ್ನೂ. ‘ವಿಧವೆ’ ಮಾತ್ರ ಇರಲಿ, ಇಲ್ಲದಿದ್ದರೆ ಭಾವ ಸಮಾಧಿಯಲ್ಲಿ ಎದ್ದು ಕೂತಾರು.

ಇಲ್ಲಿ ನನ್ನನ್ನು ಸಿಸ್ಟರ್ ದೊನಾತಾ ಎಂದು ಕರೆದು ಕರೆದು ನನ್ನ ಹೆಸರು ಓರ್ತೆನ್ಸಿಯಾ ಎಂಬುದು ಮರೆತೇಹೋಗಿರುತ್ತದೆ. ನಿನ್ನ ಪತ್ರ ಬಂದಾಗ ಮಾತ್ರ ಯಾರೋ ಕಿವಿ ಹಿಂಡಿದ ಹಾಗಾಗಿ ನೆನಪಾಗುತ್ತದೆ.

ನನ್ನ ಕೆಲಸ ಜ್ವರದ ಪಟ್ಟಿ ಬರೆಯುವುದು. ಹೊಸ ಹುಡುಗಿಯರು ಪಾದರಸ ನಲವತ್ತು ಡಿಗ್ರಿಗೆ ಏರಿದರೆ ಓಡಿಬರುತ್ತಾರೆ. ನಾನು ಬಯ್ಯುತ್ತೇನೆ: ‘ನಲವತ್ತು ಕುರುಡನಿಗೂ ಕಾಣುತ್ತೆ ಕಣೇ. ಮೂವತ್ತೇಳರ ಮೇಲೆ ಎರಡೇ ಎರಡು ಗೆರೆ, ದಿನಾ ಸಾಯಂಕಾಲ, ರೋಗಿ ನಗ್ತಾ ಇರುವಾಗ. ಆಗ ನನ್ನ ಕರಿ.’

ರಿಕೊತ್ತಾ ಒಂದು ಗೆರೆ. ಟೋಪಿ ಇನ್ನೊಂದು. ಕಾರಂಜಿಯ ಬಳಿ ಹೆಂಗಸರು ಮಾತು ನಿಲ್ಲಿಸುವುದು ಮೂರನೆಯದು. ರೊಕ್ಕಾಸ್ಪಿನಾದ ಹೆಂಗಸರು ಮರ್ಯಾದೆಗೆ ಎಂದಾದರೂ ಬಾಯಿ ಮುಚ್ಚಿದ್ದುಂಟೆ? ಮರ್ಯಾದೆ ಇರುವವರ ಬಗ್ಗೆ ಅವರು ಇನ್ನೂ ಜೋರಾಗಿ ಮಾತಾಡುತ್ತಾರೆ.

ಅಕ್ಕಾ, ನಿನ್ನನ್ನು ಸೈತಾನ ಚಿನ್ನ ತೋರಿಸಿ ಕರೆಯುವುದಿಲ್ಲ, ಅಷ್ಟು ದಡ್ಡನಲ್ಲ ಅವನು. ನಿನ್ನಲ್ಲಿಗೆ ಬರುವಾಗ ಟೋಪಿ ತೆಗೆದು ಬರುತ್ತಾನೆ. ಈ ನಿಲುವಂಗಿ ಬೇಡ ಎಂದುಬಿಡು. ಮೊಣಕೈಗೆ ತೇಪೆ ಹಾಕು. ದೇವಮಾತೆ ಬಡಗಿಯ ಹೆಂಡತಿ, ತೇಪೆ ಹೊಸದೇನಲ್ಲ.

ಹಬ್ಬಕ್ಕೆ ಮೊದಲು ನಿನ್ನ ಮಂಡಿನೋವಿಗೆ ಮುಲಾಮು ಕಳಿಸುತ್ತೇನೆ.

ತಂಗಿ

*

ರೊಕ್ಕಾಸ್ಪಿನಾ
15 ಜೂನ್ 1958

ಓರ್ತೆನ್ಸಿಯಾ,

ಹತ್ತೊಂಬತ್ತನೆಯ ವಯಸ್ಸಿಗೆ ಊರು ಬಿಟ್ಟವಳು ಊರಿನ ಹೆಂಗಸರ ಬಾಯಿಯ ಬಗ್ಗೆ ನನಗೆ ಪಾಠ ಹೇಳುತ್ತೀಯ. ಇರಲಿ. ಮುಲಾಮು ಬಂತು. ವಾಸನೆ ಕೆಟ್ಟದಾಗಿದೆ, ಕೆಲಸ ಮಾಡುತ್ತದೆ.

ದೊನ್ ಚಿರಿಯಾಕೊ ಹೋದ ಗುರುವಾರ ನಮ್ಮ ಮನೆಗೆ ಬಂದಿದ್ದ. ನಡೆದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ, ನೀನೇ ನೋಡು.

‘ದೊನ್ನಾ ಎರ್ಸಿಲಿಯಾ,’ ಅಂದ, ‘ನಿಮ್ಮಪ್ಪ ನನ್ನ ಜ್ಞಾನತಂದೆ. ಜ್ಞಾನಸ್ನಾನದ ತೊಟ್ಟಿ ಮೇಲೆ ನನ್ನ ಎತ್ತಿ ಹಿಡಿದವರು. ಆ ನಂಟಿಗೆ ಮೂವತ್ತೊಂಬತ್ತು ವರ್ಷ. ನಿಮ್ಮನೇಲಿ ಒಂದ್ ಲೋಟ ನೀರು ಕೇಳೋಕೂ ನಾನು ಹಿಂದೆಮುಂದೆ ನೋಡ್ಬೇಕಾ?’

‘ನೀರು ಕೇಳೋಕೆ ಬಂದೋನು ಹೊಸ ಬೂಟು ಹಾಕ್ಕೊಂಡು ಬರಲ್ಲ,’ ಅಂದೆ. ‘ಏನು ಬೇಕು ಹೇಳು.’

ನಕ್ಕ. ‘ಈ ನಾಲಿಗೆ ಒಂದು, ಊರಿಗೇ ಒಂದು. ಬೇಕು ಅಂತ ಏನಿಲ್ಲ ದೊನ್ನಾ, ಕೊಡೋಕೆ ಬಂದೆ. ಮಾತೆಗೆ ನೀಲಿ ರೇಷ್ಮೆ ನಿಲುವಂಗಿ, ಕೊರಳಿಗೆ ಸರ. ನಿಮ್ಮ ಮಗ ನಿಕೊದೆಮೊಗೆ ಅಡ್ಡೆಯ ಮುಂದಿನ ಬಲತುದಿ. ಹೊರೋರ ಹತ್ರ ನಾನೇ ಮಾತಾಡ್ತೀನಿ.’

‘ಇಷ್ಟೆಲ್ಲ ಕೊಟ್ಟು ಬರಿಗೈಲಿ ಹೋಗ್ತೀಯಾ?’

‘ತಿರುವು ಕಡಿದಾಗಿದೆ, ಹೊರೋರಿಗೆ ಸುಸ್ತಾಗತ್ತೆ. ನಮ್ಮ ಬಾಗಿಲ ಮುಂದೆ ಮಾತೆ ಒಂದ್ ನಿಮಿಷ ಸುಧಾರಿಸಿಕೊಳ್ಳಲಿ. ನೀವು ಒಂದ್ ಸೂಜಿ ಸರಿಮಾಡೋ ಹೊತ್ತು. ಮತ್ತೆ ನಮ್ಮ ಮಗಳು ರಾಕೆಲೆಗೆ ಈ ವರ್ಷ ದೇವಾಲಯದಲ್ಲಿ ದೃಢೀಕರಣ ಸಂಸ್ಕಾರ. ನೀವೇ ಅವಳ ಜ್ಞಾನತಾಯಿ ಆಗ್ಬೇಕು. ಹಳೇ ನಂಟು, ಹೊಸ ಗಂಟು.’

‘ಯೋಚಿಸ್ತೀನಿ,’ ಅಂದೆ. ಅಷ್ಟೇ. ಬೇರೇನೂ ಒಪ್ಪಿಕೊಂಡಿಲ್ಲ. ಜ್ಞಾನತಾಯಿಯ ನಂಟು ರಕ್ತಕ್ಕಿಂತ ಗಟ್ಟಿ, ಕಟ್ಟಿದ ಮೇಲೆ ಅವರ ಮನೆಯ ವಿರುದ್ಧ ಬಾಯಿ ತೆರೆಯುವಂತಿಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೆ ವಿರುದ್ಧ ಬಾಯಿ ತೆರೆಯಬೇಕಾದದ್ದು ನನಗೇನಿದೆ?

ಸರ ಮಾತ್ರ ಚೆಂದವಿದೆ. ಮೂರೆಳೆ. ಕೊಂಡಿ ದಾಳಿಂಬೆಯ ಆಕಾರ. ಒತ್ತಿದರೆ ಒಳಗೆ ಸಣ್ಣ ಮುಳ್ಳು ಕಚ್ಚಿಕೊಳ್ಳುತ್ತದೆ, ಬಿಡಿಸಲು ಉಗುರೇ ಬೇಕು.

ನೀನು ಗೆರೆ ಎಣಿಸುವವಳು, ಇನ್ನೊಂದಿಷ್ಟು ಎಣಿಸಿಕೋ. ನಮ್ಮ ಆಲಿವ್ ತೋಟದ ಗಡಿಯಲ್ಲಿ ಪಕ್ಕದ ಕೊಲಾ ಹನ್ನೊಂದು ವರ್ಷದಿಂದ ಎರಡು ಮಾರು ಒಳಗೆ ಗೂಟ ಹಾಕಿಕೊಂಡಿದ್ದ, ಎಷ್ಟು ಜಗಳ ಆಡಿದರೂ ಕಿತ್ತಿರಲಿಲ್ಲ. ಹೋದ ವಾರ ತಾನಾಗಿಯೇ ಬಂದು ಕಿತ್ತುಕೊಂಡು ಹೋದ. ಕೈ ನಡುಗುತ್ತಿತ್ತು. ಮನಸ್ಸಾಕ್ಷಿ ಎಚ್ಚರಾದರೆ ಗಂಡಸಿನ ಕೈಯೂ ನಡುಗುತ್ತದೆ. ರೊಟ್ಟಿ ಅಂಗಡಿಯವಳು ನನ್ನಿಂದ ಹಣ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಮೊಟ್ಟೆ ತರುತ್ತಿದ್ದ ವೆನೆರಾಂದಾ, ಆ ಕುರುಬ ತೂರಿಯ ವಿಧವೆ, ಅವಳೊಬ್ಬಳು ಬರುವುದನ್ನು ನಿಲ್ಲಿಸಿದ್ದಾಳೆ. ಹೊಟ್ಟೆಕಿಚ್ಚು. ಊರೆಲ್ಲ ಬಾಗುವಾಗ ಒಬ್ಬಳಾದರೂ ಸೆಟೆಯಬೇಕಲ್ಲ.

ಎರ್ಸಿಲಿಯಾ

*

ತ್ರಿಯೆಸ್ತೆ
28 ಜೂನ್ 1958

ಅಕ್ಕಾ,

ಎರಡೇ ಪ್ರಶ್ನೆ.

ಕೊಲಾನ ಕೈ ಯಾಕೆ ನಡುಗುತ್ತಿತ್ತು ಎಂದು ನೀನು ಅವನನ್ನೇ ಕೇಳಿದೆಯಾ?

ಕೊಂಡಿ ಬಿಡಿಸಲು ಉಗುರು ಬೇಕು ಎಂದು ಬರೆದಿದ್ದೀಯ. ಯಾರ ಉಗುರು? ದೂರದಿಂದ ನೋಡಿದ ಸರದ ಕೊಂಡಿಯೊಳಗಿನ ಮುಳ್ಳು ಯಾರಿಗೂ ಕಾಣುವುದಿಲ್ಲ. ಸರ ನಿನ್ನ ಮನೆಯಲ್ಲಿದೆ.

ಇವತ್ತೇ ಹಿಂತಿರುಗಿಸು. ಈ ಮನೆತನದ ಬಗ್ಗೆ ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ. ಅದನ್ನು ಬರೆಯುವಂತೆ ನನ್ನನ್ನು ಮಾಡಬೇಡ. ದಿನಾ ನಾವು ಶೋಧನೆಯಿಂದ, ಆಸೆಯ ಬಲೆಯಿಂದ ಕಾಪಾಡು ಎಂದು ಬೇಡುತ್ತೇವಲ್ಲ, ಕಾಪಾಡುವಾಗ ದೇವರು ಗಂಟೆ ಬಾರಿಸುವುದಿಲ್ಲ ಅಕ್ಕಾ. ರೊಟ್ಟಿಯವಳ ಕೈಯಲ್ಲಿ ಹಣ ವಾಪಸು ಕಳಿಸುತ್ತಾನೆ.

ಓರ್ತೆನ್ಸಿಯಾ

*

ರೊಕ್ಕಾಸ್ಪಿನಾ
4 ಜುಲೈ 1958

ಸಿಸ್ಟರ್ ದೊನಾತಾ ಅವರಿಗೆ,

ಸರ ಮಾತೆಯದು. ಮಾತೆಯ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಯ ಕೀಲಿಕೈ ನಿಮಗೆ ಬಂದಿಲ್ಲ, ಬರುವುದೂ ಇಲ್ಲ. ನಿಮ್ಮ ಜ್ವರದ ಪಟ್ಟಿಗಳನ್ನು ನಿಮ್ಮ ರೋಗಿಗಳಿಗೆ ಇಟ್ಟುಕೊಳ್ಳಿ. ಹಬ್ಬದ ಕೆಲಸ ತುಂಬ ಇದೆ, ಇನ್ನು ಬರೆಯಲು ಬಿಡುವಿಲ್ಲ.

ಎರ್ಸಿಲಿಯಾ ಕಾರಿದಿ

*

ತ್ರಿಯೆಸ್ತೆ
10 ಆಗಸ್ಟ್ 1958

ಅಕ್ಕಾ,

ಜುಲೈನಲ್ಲಿ ಎರಡು ಪತ್ರ ಬರೆದೆ. ಉತ್ತರವಿಲ್ಲ. ನೀನು ಒಡೆದು ಓದಿದೆಯೋ, ಒಲೆಗೆ ಹಾಕಿದೆಯೋ ತಿಳಿಯದು. ಇದನ್ನು ಫಾದರ್ ಎಲಿಯಾ ಅವರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರು ಕೂರಬೇಕು ಎಂದು ಅವರಿಗೆ ಬರೆದಿದ್ದೇನೆ.

1921ರ ಅಕ್ಟೋಬರ್. ನಿನಗೆ ಮದುವೆಯಾಗಿ ನೀನು ಕೆಳಗಿನ ಕೇರಿಯಲ್ಲಿದ್ದೆ. ನನಗೆ ಹದಿನಾಲ್ಕು. ಮೇಲಿನ ತೋಟದಲ್ಲಿದ್ದ ಅಪ್ಪನಿಗೆ ಮಧ್ಯಾಹ್ನದ ಊಟ ತೆಗೆದುಕೊಂಡು ಹೋಗಿದ್ದೆ. ಅಪ್ಪ ಮರದ ಹಿಂದೆ ನಿಂತು ಕೊರಕಲಿನ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಕುರುಬ ತೂರಿಯನ್ನು ಇಬ್ಬರು ಕಾಲು ತೋಳು ಹಿಡಿದು ಒಯ್ಯುತ್ತಿದ್ದರು. ಒಬ್ಬ ಚಿರಿಯಾಕೊನ ಅಪ್ಪ. ಇನ್ನೊಬ್ಬ ಚಿರಿಯಾಕೊನ ಚಿಕ್ಕಪ್ಪ ನೂನ್ಸಿಯೊ. ತೂರಿಯ ತಲೆ ಕಲ್ಲಿಗೆ ಬಡಿಯುತ್ತಿತ್ತು, ಅವನು ಕೂಗುತ್ತಿರಲಿಲ್ಲ. ಹುಲ್ಲುಗಾವಲನ್ನು ಬಿಟ್ಟುಕೊಡುವುದಿಲ್ಲ ಎಂದಿದ್ದ, ಅಷ್ಟೇ ಅವನ ತಪ್ಪು. ಇಬ್ಬರೂ ಅವನನ್ನು ಕೊರಕಲಿಗೆ ತಳ್ಳಿದರು.

ನ್ಯಾಯಾಧೀಶರು ಬಂದಾಗ ಅಪ್ಪ ಶಿಲುಬೆಯ ಮೇಲೆ ಕೈಯಿಟ್ಟು, ಆ ದಿನ ಜ್ವರದಿಂದ ಮನೆಯಲ್ಲಿ ಮಲಗಿದ್ದೆ ಎಂದ. ಎರಡು ವರ್ಷದ ಹಿಂದೆ ಅವರ ಮಗುವನ್ನು ತೊಟ್ಟಿಯ ಮೇಲೆ ಎತ್ತಿ ಹಿಡಿದಿದ್ದನಲ್ಲ, ನಂಟಿನವರ ವಿರುದ್ಧ ಬಾಯಿ ತೆರೆಯುವಂತಿಲ್ಲ. ಆ ನಂಟು ಶುರುವಾದದ್ದು ಹೇಗೆ ಗೊತ್ತೆ? ನಮ್ಮ ಮನೆಗೆ ಒಂದು ಬುಟ್ಟಿ ರಿಕೊತ್ತಾ ಬಂದಿತ್ತು. ನಾನು ಬೆರಳಲ್ಲಿ ತೆಗೆದು ತಿಂದೆ, ಅಮ್ಮ ಬೈದಳು. ಅದಕ್ಕೇ ನೆನಪಿದೆ.

ನಾನು ಕಂಡದ್ದನ್ನು ಅಮ್ಮನಿಗೆ ಹೇಳಿದೆ. ‘ನೀನು ನೋಡಿದ್ದು ಮಂಜು,’ ಅಂದಳು. ‘ಮಂಜಲ್ಲಿ ಎಲ್ಲ ಮನುಷ್ಯರ ಥರಾನೇ ಕಾಣತ್ತೆ.’ ಆ ದಿನ ಬಿಸಿಲಿತ್ತು.

ಅಪ್ಪ ಕಡೆಯ ಬೆಂಚಿನಲ್ಲಿ ಕೂತದ್ದು ವಿನಯದಿಂದಲ್ಲ. ಆ ಸುಳ್ಳು ಆಣೆಯಾದ ಮೇಲೆ ಅವನು ಸಾಯುವವರೆಗೂ ಪರಮಪ್ರಸಾದ ಸ್ವೀಕರಿಸಲಿಲ್ಲ. ಪ್ರಸಾದಕ್ಕೆ ಎದ್ದು ಹೋಗದಿದ್ದರೆ ಜನ ನೋಡುತ್ತಾರೆಂದು ಬಾಗಿಲ ಬಳಿ ಕೂರುತ್ತಿದ್ದ, ಸರಿಯಾದ ಹೊತ್ತಿಗೆ ಹೊರಗೆ ಹೋಗಿ ಕೆಮ್ಮುತ್ತಿದ್ದ.

ನಿನಗೆ ಮೂವತ್ತೇಳು ವರ್ಷ ಇದನ್ನು ಹೇಳಲಿಲ್ಲ. ನೀನು ಅಪ್ಪನ ಹೆಸರು ಹೇಳುವಾಗ ನಿನ್ನ ಬೆನ್ನು ನೆಟ್ಟಗಾಗುತ್ತಿತ್ತು, ಅದನ್ನು ಬಗ್ಗಿಸಲು ನನ್ನಿಂದಾಗಲಿಲ್ಲ. ನಾನು ಮಠಕ್ಕೆ ಸೇರಿದ್ದೂ ದೇವರ ಕರೆ ಬಂದು ಅಲ್ಲ ಅಕ್ಕಾ. ವೆನೆರಾಂದಾ ಬೀದಿಯಲ್ಲಿ ಎದುರಾದರೆ ನಾನು ಓಣಿ ಬದಲಾಯಿಸುತ್ತಿದ್ದೆ. ಒಂದು ದಿನ ಬದಲಾಯಿಸಲು ಓಣಿ ಉಳಿಯಲಿಲ್ಲ. ಓಡಿಬಂದವಳನ್ನೂ ದೇವರು ಸೇರಿಸಿಕೊಂಡ, ಅದು ಅವನ ದೊಡ್ಡತನ.

ಈಗ ನಿನಗೆ ಗೊತ್ತು. ಮಾತೆ ಎಲ್ಲಿ ನಿಲ್ಲಬೇಕೆಂದು ಹೇಳುವವಳು ನೀನು. ನಾನಲ್ಲ.

ಓರ್ತೆನ್ಸಿಯಾ

*

ರೊಕ್ಕಾಸ್ಪಿನಾ
17 ಸೆಪ್ಟೆಂಬರ್ 1958

ತಂಗಿ,

ಫಾದರ್ ಎಲಿಯಾ ನೀನು ಹೇಳಿದ ಹಾಗೆಯೇ ಎದುರು ಕೂತರು. ಓದಿ ಮುಗಿಸಿದಾಗ ನನಗಿಂತ ಹೆಚ್ಚು ಅವರು ಬೆವರಿದ್ದರು. ಪಾಪ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶೋಧನೆಯ ಬಗ್ಗೆ ಚೆನ್ನಾಗಿ ಪ್ರಸಂಗ ಮಾಡುತ್ತಾರೆ, ಎಲ್ಲ ಶೋಧನೆಯೂ ಮರುಭೂಮಿಯಲ್ಲೇ ನಡೆಯುತ್ತದೆ ಎಂಬಂತೆ.

ಎಂಟು ದಿನ ನಿನ್ನನ್ನು ಸುಳ್ಳಿ ಅಂದುಕೊಳ್ಳಲು ನೋಡಿದೆ. ಆಗಲಿಲ್ಲ. ಅಪ್ಪನ ಕೆಮ್ಮು ನನಗೂ ನೆನಪಿದೆ, ಮನೆಯಲ್ಲಿ ಅವನು ಎಂದೂ ಕೆಮ್ಮುತ್ತಿರಲಿಲ್ಲ.

ಒಂಬತ್ತನೆಯ ದಿನ ಕೊಲಾನ ತೋಟಕ್ಕೆ ಹೋದೆ. ನನ್ನನ್ನು ಕಂಡು ಟೋಪಿ ತೆಗೆದ.

‘ಹಾಕ್ಕೋ,’ ಅಂದೆ. ‘ಗೂಟ ಯಾಕೆ ಕಿತ್ತೆ?’

‘ನಿಮ್ಮದೇ ಜಾಗ ಅಲ್ವಾ ದೊನ್ನಾ.’

‘ಹನ್ನೊಂದು ವರ್ಷ ನನ್ನ ಮುದಿಗೂಬೆ ಅಂತ ಬಯ್ದೋನು ನೀನು. ಈಗ ದೊನ್ನಾ ಅಂತೀಯ. ಯಾಕೆ ಕಿತ್ತೆ?’

ಅವನು ನೆಲ ನೋಡಿದ. ‘ನಮ್ಮ ನಾಯೀನ ಬಾಗಿಲಿಗೆ ನೇತುಹಾಕಿದ್ರು. ಬಾಯಲ್ಲಿ ಒಂದು ಗೂಟ ಇಟ್ಟಿದ್ರು. ನೀವೇ ಹೇಳಿ ಮಾಡ್ಸಿದ್ದು ಅಂದ್ಕೊಂಡೆ. ಊರೆಲ್ಲ ಹಾಗೇ ಅಂದ್ಕೊಂಡಿದೆ ದೊನ್ನಾ. ನೀವೀಗ ಸ್ಪಾನೊಲ್ಲಾ ಕಡೆಯೋರು.’

ಸ್ಪಾನೊಲ್ಲಾ ಕಡೆಯೋರು. ಅರವತ್ತೊಂದು ವರ್ಷದಲ್ಲಿ ನನಗೆ ಯಾರೂ ಇಷ್ಟು ಕೆಟ್ಟದಾಗಿ ಬಯ್ದಿರಲಿಲ್ಲ, ಅವನು ಬಯ್ಯುತ್ತಲೂ ಇರಲಿಲ್ಲ. ಗೂಟಗಳನ್ನು ತರಿಸಿ, ಎರಡು ಮಾರು ಒಳಗೆ, ಹಳೆಯ ಜಾಗದಲ್ಲೇ ನನ್ನ ಕೈಯಾರೆ ನೆಟ್ಟೆ. ‘ಈ ಜಗಳ ನಮ್ಮಿಬ್ಬರದು,’ ಅಂದೆ. ‘ನಾಳೆಯಿಂದ ಮತ್ತೆ ಬಯ್ಯಿ.’ ಅವನು ಬಯ್ಯಲಿಲ್ಲ, ಆದರೆ ಗೂಟ ಅಲುಗುತ್ತದೆಯೇ ಎಂದು ಒದ್ದು ನೋಡಿದ. ನನಗೆ ಅಷ್ಟು ಸಾಕಾಗಿತ್ತು.

ಇನ್ನು ನಾನು ನಿನ್ನಿಂದ ಮುಚ್ಚಿಟ್ಟದ್ದು. ಸರ ಮಾತೆಯ ಪೆಟ್ಟಿಗೆಯಲ್ಲಿದೆ ಎಂದು ಬರೆದದ್ದು ಸುಳ್ಳು. ಅದು ನನ್ನ ದಿಂಬಿನ ಕೆಳಗಿತ್ತು. ಮೂರು ಸಲ ಕನ್ನಡಿಯ ಮುಂದೆ ಹಾಕಿ ನೋಡಿಕೊಂಡೆ. ಮಾತೆಗೆಂದು ಬಂದದ್ದು ಮೊದಲು ನನ್ನ ಕೊರಳಿಗೆ ಬಿತ್ತು. ಮೂರನೆಯ ಸಲ ಕೊಂಡಿ ಬಿಚ್ಚಲು ಬಾರದೆ ಉಗುರು ಮುರಿಯಿತು. ಆಗಲೂ ನನಗೆ ತಿಳಿಯಲಿಲ್ಲ, ಕೊಂಡಿಯ ಕಸುಬುದಾರಿಕೆಯನ್ನೇ ಹೊಗಳಿದೆ. ಪಾಪನಿವೇದನೆಯಲ್ಲಿ ಇದನ್ನು ಹೇಳಿದ್ದೇನೆ. ನಿನಗೂ ಹೇಳಬೇಕಿತ್ತು.

ಹಬ್ಬದ ಹಿಂದಿನ ಶುಕ್ರವಾರ, ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯುವಾಗ ಸರವನ್ನು ಕೈಯಲ್ಲಿ ತೂಗುಹಾಕಿಕೊಂಡು ದೊಡ್ಡ ಬೀದಿಯಲ್ಲಿ ನಡೆದೆ. ಬಟ್ಟೆಯಲ್ಲಿ ಸುತ್ತಲಿಲ್ಲ. ದೊನ್ ಚಿರಿಯಾಕೊ ಬಾಗಿಲಲ್ಲೇ ಇದ್ದ.

‘ಏನ್ ದೊನ್ನಾ, ಕೊಂಡಿ ಸರಿ ಇಲ್ವಾ?’

‘ಕೊಂಡಿ ಗಟ್ಟಿಯಾಗೇ ಇದೆ. ಅದಕ್ಕೇ ವಾಪಸ್ಸು.’

‘ಕೋಪದಲ್ಲಿದೀರಾ. ಹಬ್ಬ ಮುಗೀಲಿ, ಮಾತಾಡೋಣ.’

‘ಕೋಪ ಇದ್ದಿದ್ರೆ ಎಸೀತಿದ್ದೆ. ತಗೋ. ನಿನ್ನ ಮಗಳಿಗೆ ಬೇರೆ ಜ್ಞಾನತಾಯೀನ ನೋಡು. ನಿಲುವಂಗೀನ ಅಂಗಡಿಗೆ ವಾಪಸ್ ಕಳಿಸು.’

ಅವನ ನಗು ಹೋಗಲಿಲ್ಲ, ಕಣ್ಣು ಮಾತ್ರ ನಗುವುದನ್ನು ಬಿಟ್ಟಿತು. ‘ಊರು ಸಣ್ಣದು ದೊನ್ನಾ. ನಿಮಗೆ ಮಗ ಇದಾನೆ, ತೋಟ ಇದೆ.’

‘ಸಣ್ಣದೇ. ಅದಕ್ಕೇ ಎಲ್ಲರ ಕಣ್ಣಿಗೆ ಬೀಳೋ ಹೊತ್ತಲ್ಲಿ ಬಂದೆ.’

ಮನೆಯಲ್ಲಿ ನಿಕೊದೆಮೊ ಕೂಗಾಡಿದ. ‘ಅಮ್ಮ, ನಿನ್ನ ಜಂಬಕ್ಕೆ ನೀನು ಸಾಯ್ತೀಯ. ನಾವಿಲ್ಲಿ ಬದುಕ್ಬೇಕು. ಮುಂದಿನ ಬಲತುದಿ ನನಗೆ ಕೊಟ್ಟಿದಾರೆ, ಗೊತ್ತಾ ನಿನಗೆ?’

‘ಕೊಟ್ಟೋನು ಯಾರು?’

‘ಯಾರಾದ್ರೇನು? ಹೊರೋದು ಮಾತೆಯನ್ನ.’

‘ಸರಿ,’ ಅಂದೆ. ‘ಹೊರು. ಭಾನುವಾರ ನನ್ನ ಹಿಂದೆ ಇರೋನು ನೀನೇ. ನಾನು ಎಲ್ಲಿ ನಿಲ್ತೀನೋ ಅಲ್ಲಿ ನಿಲ್ಲು, ಎಲ್ಲಿ ನಿಲ್ಲಲ್ವೋ ಅಲ್ಲಿ ನಿಲ್ಬೇಡ. ಅದೊಂದು ಆಗತ್ತಾ?’

ಅವನು ಎದ್ದುಹೋದ. ನಿನ್ನ ಪತ್ರವನ್ನು ಮೇಜಿನ ಮೇಲೆ ತೆರೆದಿಟ್ಟು ನಾನು ಮಲಗಲು ಹೋದೆ. ಓದಿದನೋ ಇಲ್ಲವೋ ನಾನು ಕೇಳಲಿಲ್ಲ.

ಶನಿವಾರ ಗಂಡಸರನ್ನು ಹೊರಗೆ ಕಳಿಸಿ ದೇವಾಲಯದ ಬಾಗಿಲು ಹಾಕಿ ಮಾತೆಯನ್ನು ಸಿದ್ಧಪಡಿಸಿದೆವು. ಹಳೆಯ ನಿಲುವಂಗಿಯೇ. ಮೊಣಕೈಗೆ ತೇಪೆ ಹಾಕಿದೆ, ನೀನು ಹೇಳಿದೆ ಎಂದಲ್ಲ, ಸವೆದಿತ್ತು ಎಂದು. ಉಡುಪು ಕಳಚಿದರೆ ಮಾತೆಗೆ ಮುಖ ಮತ್ತು ಕೈ ಮಾತ್ರ, ಉಳಿದದ್ದೆಲ್ಲ ಬರಿಯ ಹಲಗೆ. ಮೂವತ್ತೊಂದು ವರ್ಷ ಅದನ್ನು ಕಂಡಿದ್ದೇನೆ. ಈ ಸಲ ಆ ಹಲಗೆಗಳ ಮುಂದೆ ನಾಚಿಕೆಯಾಯಿತು. ಒಳಗೆ ಏನೂ ಇಲ್ಲದಿದ್ದರೂ ಅವಳು ಸುಳ್ಳು ಹೇಳಿರಲಿಲ್ಲ.

ಭಾನುವಾರ. ಕಾರಂಜಿಯ ಬಳಿ ನಿಂತೆ, ಹಳೆಯ ಗಾಣದ ಬಳಿ ನಿಂತೆ, ಪ್ರತಿ ವರ್ಷದಂತೆ. ಆಮೇಲೆ ತಿರುವು. ಮೂರು ಮಹಡಿಯಿಂದಲೂ ಕೆಂಪು ಜರಿಬಟ್ಟೆ ಇಳಿಬಿಟ್ಟಿದ್ದರು. ಬಾಗಿಲ ಮುಂದೆ ಮಾತೆಯನ್ನು ಇಳಿಸಲು ಹೂವಿನ ಕಟ್ಟೆ. ಮಾಳಿಗೆಯ ಮೇಲೆ ಕುರ್ಚಿಗಳು, ನಡುವಿನದರಲ್ಲಿ ಎಪ್ಪತ್ತು ದಾಟಿದ ನೂನ್ಸಿಯೊ, ಮಂಡಿಯ ಮೇಲೆ ಕಂಬಳಿ. ದೊನ್ ಚಿರಿಯಾಕೊ ಟೋಪಿ ತೆಗೆದು ನಿಂತಿದ್ದ. ವಾದ್ಯದವರು ತಾವಾಗಿಯೇ ನುಡಿಸುವುದನ್ನು ನಿಲ್ಲಿಸಿದರು. ಅವರಿಗೆ ಯಾರು ಹೇಳಿದ್ದರೋ.

ನಾನು ನಿಲ್ಲಲಿಲ್ಲ.

ಮಾತೆಯ ಮುಂದೆ ನಡೆಯುವವಳು ಹಿಂದೆ ತಿರುಗಿ ನೋಡುವಂತಿಲ್ಲ. ಆದ್ದರಿಂದ ನನಗೆ ಇದ್ದದ್ದು ಕಿವಿ ಮಾತ್ರ. ಐದು ಹೆಜ್ಜೆ ನಡೆದೆ, ಹಿಂದೆ ಹೆಜ್ಜೆಯ ಸದ್ದಿಲ್ಲ. ಆರು. ಏಳು. ಅಡ್ಡೆಯ ಮರ ಕಿರುಗುಟ್ಟಿತು, ಇಳಿಸುವಾಗ ಕಿರುಗುಟ್ಟುವ ಹಾಗೆ. ಎಂಟು. ಹನ್ನೆರಡು ಗಂಡಸರು ಅವನ ಬಾಗಿಲಲ್ಲಿ ನಿಂತು, ನಾನೊಬ್ಬಳೇ ಗುಂಡುಸೂಜಿ ಪೆಟ್ಟಿಗೆ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದೇನೆ ಎಂದು ತಿಳಿಯಿತು. ಹೋಗಲಿ, ಒಬ್ಬಳೇ ಹೋಗುತ್ತೇನೆ ಎಂದುಕೊಂಡೆ. ಒಂಬತ್ತು.

ಆಗ ನಿಕೊದೆಮೊನ ಧ್ವನಿ ಕೇಳಿತು. ‘ಎತ್ರೋ. ಅಮ್ಮ ನಿಂತಿಲ್ಲ.’

ಯಾರೋ ಏನೋ ಅಂದರು. ‘ಅಮ್ಮ ನಿಂತಿಲ್ಲ ಅಂದೆ,’ ಅಂದ ಮತ್ತೆ. ಕಾಲುಗಳ ಸದ್ದು ಶುರುವಾಯಿತು. ಮೊದಲು ಒಂದು ಜೊತೆ, ಆಮೇಲೆ ಎಲ್ಲ.

ತಿರುವಿನಿಂದ ಮೇಲೆ ಮಾತೆ ಎಂದೂ ಹೋದದ್ದಿಲ್ಲ. ನಾನು ಮೇಲಿನ ಓಣಿಗೆ ಹತ್ತಿದೆ. ಅಡ್ಡೆ ಎರಡೂ ಬದಿಯ ಗೋಡೆಗೆ ತಾಗುತ್ತಿತ್ತು. ‘ದೊನ್ನಾ ಎರ್ಸಿಲಿಯಾ, ಎಲ್ಲಿಗೆ?’ ಎಂದು ಫಾದರ್ ಎಲಿಯಾ ಹಿಂದಿನಿಂದ ಕೇಳಿದರು, ಆದರೆ ಬಂದರು. ವೆನೆರಾಂದಾಳ ಬಾಗಿಲು ನನ್ನ ಭುಜದ ಎತ್ತರಕ್ಕಿದೆ. ಅಲ್ಲಿ ನಿಂತೆ. ಅವಳು ಹೊರಗೆ ಬಂದಳು, ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ. ಮಾತೆಯನ್ನು ಇಳಿಸಿದರು.

ಮಂಡಿಯೂರಿದೆ. ಮುಲಾಮು ಹಚ್ಚಿದ್ದರೂ ಮಂಡಿ ಕೂಗಿತು. ಊರು ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: ‘ವೆನೆರಾಂದಾ, ನಿನ್ನ ಗಂಡನ್ನ ಕೊರಕಲಿಗೆ ತಳ್ಳಿದ್ದನ್ನ ನನ್ನ ಅಪ್ಪ ನೋಡಿದ್ದ. ನೋಡಿಲ್ಲ ಅಂತ ಶಿಲುಬೆ ಮೇಲೆ ಆಣೆ ಮಾಡಿದ. ತಳ್ಳಿದೋರು ಇಬ್ಬರು. ಒಬ್ಬ ಸತ್ತ. ಇನ್ನೊಬ್ಬ ಈಗ ಕೆಳಗೆ ಮಾಳಿಗೆ ಮೇಲೆ ಕೂತಿದಾನೆ.’

ಅವಳು ಅಳುತ್ತಾಳೆ, ಅಥವಾ ನನ್ನನ್ನು ಎಬ್ಬಿಸುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಒಳಗೆ ಹೋಗಿ ಒಂದು ಹುಲ್ಲಿನ ಕುರ್ಚಿ ತಂದಳು. ಮಾತೆಯ ಎದುರು ಇಟ್ಟು ಕೂತಳು. ಊರೆಲ್ಲ ನಿಂತಿತ್ತು, ಗುರುಗಳು ನಿಂತಿದ್ದರು, ಅವಳೊಬ್ಬಳು ಕೂತಿದ್ದಳು, ಕೈ ತೊಡೆಯ ಮೇಲಿಟ್ಟು. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಮೇಣದಬತ್ತಿಗಳು ಬೆರಳಿಗೆ ಇಳಿಯತೊಡಗಿದವು. ಯಾರೂ ಕೆಮ್ಮಲಿಲ್ಲ. ಕೊನೆಗೆ ಎದ್ದಳು.

‘ಸಾಕು,’ ಅಂದಳು ಮಾತೆಗೆ. ನಾವು ಹೊರಟೆವು.

ಸೋಮವಾರ ಬೆಳಿಗ್ಗೆ ನಮ್ಮ ಎಳೆಯ ಆಲಿವ್ ಗಿಡಗಳ ಬುಡ ಕೊಯ್ದು ಹಾಕಿದ್ದರು. ನಿಕೊದೆಮೊ ನೋಡಿಕೊಂಡು ಬಂದು ಕೂತು ರೊಟ್ಟಿ ತಿಂದ. ‘ಬೇರು ಮುಟ್ಟಿಲ್ಲ,’ ಅಂದ. ‘ಚಿಗುರತ್ತೆ.’ ಆ ರೊಟ್ಟಿಗೆ ಅಂಗಡಿಯವಳು ಅವತ್ತು ಹಣ ತೆಗೆದುಕೊಂಡಿದ್ದಳು.

ನಿನ್ನೆ ಕೆಳಗಿನ ಪಟ್ಟಣದ ಪೊಲೀಸ್ ಠಾಣೆಗೆ ಹೋದೆ. ನಿಕೊದೆಮೊ ಗಾಡಿಗೆ ಹೇಸರಗತ್ತೆ ಹೂಡಿದ, ಫಾದರ್ ಎಲಿಯಾ ಕರೆಯದೆಯೇ ಹತ್ತಿ ಕೂತರು. ಅಲ್ಲಿನ ಅಧಿಕಾರಿ ಉತ್ತರದ ಕಡೆಯವನು, ಚಿಕ್ಕ ವಯಸ್ಸು.

‘ಅಮ್ಮಾ, ಮೂವತ್ತೇಳು ವರ್ಷ ಆಯ್ತು,’ ಅಂದ.

‘ನೂನ್ಸಿಯೊ ಸ್ಪಾನೊಲ್ಲಾಗೂ ಮೂವತ್ತೇಳು ವರ್ಷ ಆಗಿದೆ. ಅವನು ಅಷ್ಟೂ ವರ್ಷ ಊಟ ಮಾಡ್ಕೊಂಡು ಬಂದಿದಾನೆ. ಬರ್ಕೋ.’

ಬರೆದುಕೊಂಡ. ಆಮೇಲೆ ಪೆನ್ನು ಕೆಳಗಿಟ್ಟು, ‘ನೀವು ಹೇಳೋದು ಕೇಳಿದ ಮಾತು. ಕಣ್ಣಾರೆ ಕಂಡೋರು ಯಾರಿದಾರೆ?’ ಎಂದ.

ನೀನು ಇಷ್ಟು ವರ್ಷ ಪ್ರಾರ್ಥನೆಯಲ್ಲಿ ವೆನೆರಾಂದಾಳನ್ನು ನೆನೆದಿರುತ್ತೀಯ, ನನಗೆ ಗೊತ್ತು. ಅವಳಿಗೆ ಅದರಿಂದ ಏನೂ ತಲುಪಿಲ್ಲ. ನನಗೆ ಎಚ್ಚರಿಕೆ ಹೇಳಲು ನಿನಗೆ ಧೈರ್ಯವಿತ್ತು. ಬಂದು ಸಾಕ್ಷಿ ಹೇಳಲೂ ಇರುತ್ತದೆ. ರೈಲಿನ ಖರ್ಚನ್ನು ನಿನ್ನ ಮಠ ಕೊಡದಿದ್ದರೆ ನಾನು ಕಳಿಸುತ್ತೇನೆ. ನಿನ್ನ ಹಾಸಿಗೆ ಸಿದ್ಧವಿದೆ. ಮೇಲಿನ ಓಣಿಯಿಂದಲೇ ಬಾ, ಬೇರೆ ಓಣಿ ಹುಡುಕಬೇಡ.

ನಿನ್ನ ಹೆಸರನ್ನೂ ಆಸ್ಪತ್ರೆಯ ವಿಳಾಸವನ್ನೂ ನಾನೇ ಹೇಳಿ ಬರೆಸಿದೆ. ಆಗಸ್ಟ್ ಹತ್ತರ ನಿನ್ನ ಪತ್ರವನ್ನು ಅವನ ಕೈಗೆ ಕೊಟ್ಟು, ಮೊಹರು ಹಾಕಿಸಿ, ಅದಕ್ಕೆ ರಸೀದಿ ತೆಗೆದುಕೊಂಡು ಬಂದಿದ್ದೇನೆ. ನಿನ್ನನ್ನು ಕೇಳಲಿಲ್ಲ.

ನಿನ್ನ ಅಕ್ಕ,
ಎರ್ಸಿಲಿಯಾ